ಹೆಬ್ಬೆಟ್ಟಿನ ಸಾಕ್ಷ್ಯ

ಹೊಸದಾಗಿ ಹುಟ್ಟಿದ ಕೂಸಿನ ಬಿಗಿಹಿಡಿದ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ, ಪುಟ್ಟ ಬೆರಳುಗಳ ತುದಿಯನ್ನು ಬೆಳಕಿಗೆ ಹಿಡಿದು, ಎಷ್ಟು ಶಂಖ, ಎಷ್ಟು ಚಕ್ರ ಎಂದು ಎಣಿಸುವ ಅಜ್ಜಿಯರನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಚಕ್ರಗಳು ಹೆಚ್ಚಾಗಿದ್ದರೆ ಮಗುವು ಭಾಗ್ಯಶಾಲಿಯಾಗುವುದೆಂದು ಅವರ ನಂಬಿಕೆ. ಆ ನಂಬಿಕೆಯ ಸತ್ಯಾಸತ್ಯವನ್ನು ವಿಚಾರಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಆ ಅಜ್ಜಿಯರು ಎಣಿಸುತ್ತಿದ್ದ ಗೆರೆಗಳೇ ಮುಂದೆ ದೇಶದೇಶಗಳ ನ್ಯಾಯಸ್ಥಾನಗಳಲ್ಲಿ ಸಾಕ್ಷಿಗಳಾಗಿ ನಿಂತುವೆಂಬುದೂ, ಅವುಗಳಿಗೆ ಆ ಯೋಗ್ಯತೆಯು ಮೊಟ್ಟಮೊದಲು ದೊರೆತ ಸ್ಥಳಗಳಲ್ಲಿ ನಮ್ಮ ಭರತಖಂಡವೂ ಒಂದೆಂಬುದೂ ಎಲ್ಲರಿಗೂ ತಿಳಿದ ವಿಷಯವಲ್ಲ. ಆ ಕಥೆಯನ್ನೂ, ಅದರಿಂದ ಗೃಹಸ್ಥರಾದ ನಾವು ಕಲಿಯತಕ್ಕ ಪಾಠವನ್ನೂ ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದ್ದೇವೆ.

ಬೆರಳ ತುದಿಯ ಗೆರೆಗಳು ಕೂಸು ಗರ್ಭದಲ್ಲಿರುವಾಗಲೇ, ಏಳನೆಯ ತಿಂಗಳು ತುಂಬುವಷ್ಟರಲ್ಲಿ ಮೂಡಿಬಿಟ್ಟಿರುತ್ತವೆ. ಮಗುವು ಬೆಳೆದು ದೊಡ್ಡದಾದಂತೆ ಅವು ಅಗಲವಾಗುತ್ತವೆಯೇ ಹೊರತು ಅವುಗಳ ಏರ್ಪಾಡು ಬದಲಾಗುವುದಿಲ್ಲ. ಮೇಲುಚರ್ಮವು ಸವೆದರೂ ಸುಲಿದರೂ ಒಳಗಿನಿಂದ ಅದೇ ಗೆರೆಗಳು ತಿರುಗಿ ಬರುತ್ತವೆ. ಒಂದೇ ಬಸಿರಿನಲ್ಲಿ ಹುಟ್ಟಿ, ತಾಯಿಗೂ ಗುರುತು ಸಿಕ್ಕದಷ್ಟು ಹೋಲುವ ಅವಳಿಮಕ್ಕಳಲ್ಲಿಯೂ ಅವು ಬೇರೆ ಬೇರೆಯಾಗಿರುತ್ತವೆ. ಅಕ್ಷರ ಬಾರದವನನ್ನು ‘ಹೆಬ್ಬೆಟ್ಟು’ ಎಂದು ಹಾಸ್ಯಮಾಡುವುದು ನಮ್ಮ ಕಡೆಯ ರೂಢಿ. ಆದರೆ ಬರೆದ ಸಹಿಯನ್ನು ಇನ್ನೊಬ್ಬನು ಕಲಿತು ಹಾಕಬಹುದು. ಒತ್ತಿದ ಹೆಬ್ಬೆಟ್ಟನ್ನು ಕಲಿಯುವುದು ಸಾಧ್ಯವಿಲ್ಲ.

ಕಂಡವರಿಲ್ಲದ ಕೊಲೆ

ಹಗಲಿನಲ್ಲಿ ನಾಲ್ಕು ಜನರೆದುರಿಗೆ ನಡೆದ ಹೊಡೆದಾಟವನ್ನು ಸಿದ್ಧಾಂತಪಡಿಸುವುದು ಕಷ್ಟವಲ್ಲ. ಆದರೆ ಕೊಲೆಗಾರನು ಸಾಮಾನ್ಯವಾಗಿ ಕತ್ತಲನ್ನೂ ಏಕಾಂತವನ್ನೂ ಆರಿಸಿಕೊಳ್ಳುತ್ತಾನೆ. ಕಂಡವನು ಒಬ್ಬನಿದ್ದರೆ ಅವನು ಸತ್ತವನು. ಆತನು ಬಂದು ಸಾಕ್ಷಿ ಹೇಳಲಾರನು. ಇಂಥ ಸಂದರ್ಭಗಳಲ್ಲಿ ಹಿಂದಿನ ಕಾಲದ ಅಧಿಕಾರಿಗಳಿಗೆ ಇದ್ದ ದಾರಿಗಳು ಎರಡು: ಒಂದು, ಸತ್ತವನಿಗೆ ಯಾರು ಹಗೆಗಳೆಂದು ಊರವರನ್ನು ಕೇಳುವುದು, ಇನ್ನೊಂದು, ಸಂಶಯಕ್ಕೆ ಸಿಕ್ಕಿದವನನ್ನು ಹಿಡಿದು, ಅವನ ಬಾಯಿಂದಲೇ ತಪ್ಪೊಪ್ಪಿಗೆಯನ್ನು ಹೊರಡಿಸುವುದು. ಮೊದಲನೆಯದು ಊರಿನ ಹಗೆತನಗಳಿಗೆ ಬಾಗಿಲನ್ನು ತೆರೆಯಿತು. ಎರಡನೆಯದು ಹಿಂಸೆಗೆ ದಾರಿಮಾಡಿತು. ನೋವನ್ನು ತಾಳಲಾರದವನು ಮಾಡದ ತಪ್ಪನ್ನೂ ಒಪ್ಪಿಕೊಳ್ಳುತ್ತಾನೆ. ಕಲ್ಲೆದೆಯವನು ಮಾಡಿದ್ದನ್ನೂ ಒಪ್ಪಿಕೊಳ್ಳುವುದಿಲ್ಲ. ಆದುದರಿಂದಲೇ ೧೮೭೨ರ ಸಾಕ್ಷ್ಯದ ಕಾಯಿದೆಯಲ್ಲಿ, ಪೋಲೀಸು ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ಉಪಯೋಗಿಸಕೂಡದೆಂದು ವಿಧಿಸಲಾಯಿತು. ಆ ಕಾಯಿದೆಯ ಸ್ಥಾನದಲ್ಲಿ ೨೦೨೪ನೆಯ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ಕಟ್ಟನ್ನು ಉಳಿಸಿಕೊಂಡಿದೆ.

ಹಾಗಾದರೆ ಬಾಯಿಲ್ಲದ ವಸ್ತುಗಳಿಂದ ಸತ್ಯವನ್ನು ಹೊರಡಿಸುವುದು ಹೇಗೆ? ೧೮೮೦ರ ಸುಮಾರಿನಲ್ಲಿ ಪ್ಯಾರಿಸಿನ ಬರ್ತಿಯೋ ಎಂಬಾತನು ಸೆರೆಸಿಕ್ಕಿದವರ ತಲೆ, ತೋಳು, ಪಾದ ಮೊದಲಾದುವನ್ನು ಅಳೆದು ಬರೆದಿಡುವ ಪದ್ಧತಿಯನ್ನು ಏರ್ಪಡಿಸಿದನು. ಹೆಸರು ಬದಲಿಸಿಕೊಂಡು ಬಂದ ಹಳೆಯ ಕಳ್ಳನನ್ನು ಗುರುತಿಸಲು ಇದು ಸಹಾಯವಾಯಿತು. ಆದರೆ ಕೊಲೆ ನಡೆದ ಕೋಣೆಯಲ್ಲಿ ಕೊಲೆಗಾರನು ತನ್ನ ತಲೆಯ ಸುತ್ತಳತೆಯನ್ನು ಬಿಟ್ಟುಹೋಗುವುದಿಲ್ಲ. ಅವನು ಬಿಟ್ಟುಹೋಗುವುದು ಬೆರಳ ಗುರುತನ್ನು.

ಜಂಗೀಪುರದ ಕರಾರುಪತ್ರ

ಈ ವಿದ್ಯೆಯ ಬೀಜವು ಬಂಗಾಳದಲ್ಲಿ ಬಿದ್ದುದು ಯಾವುದೋ ಕೊಲೆಯ ವಿಚಾರಣೆಯಲ್ಲಿ ಅಲ್ಲ. ರಸ್ತೆಗೆ ಹಾಸುವ ಸಾಮಾನಿನ ಒಂದು ಕರಾರಿನಲ್ಲಿ. ೧೮೫೮ರಲ್ಲಿ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲನು ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನೊಡನೆ ಕರಾರನ್ನು ಮಾಡಿಕೊಂಡು, ಮುಂದೆ ಆತನು ತನ್ನ ಸಹಿಯನ್ನು ಅಲ್ಲಗಳೆಯದಿರಲೆಂದು ಕಾಗದದ ಹಿಂಭಾಗದಲ್ಲಿ ಆತನ ಅಂಗೈಗೆ ಮಸಿ ಹಚ್ಚಿ ಒತ್ತಿಸಿಕೊಂಡನು. ಮುಂದೆ ಹೂಗ್ಲಿಯ ಮ್ಯಾಜಿಸ್ಟ್ರೇಟನಾಗಿದ್ದಾಗ, ೧೮೭೭ರಲ್ಲಿ, ಪಿಂಚಣಿ ಪಡೆಯುವವರಿಂದಲೂ ಪತ್ರಗಳನ್ನು ನೋಂದಾಯಿಸುವವರಿಂದಲೂ ಬೆರಳ ಗುರುತನ್ನು ತೆಗೆದುಕೊಳ್ಳುವ ಪದ್ಧತಿಯನ್ನು ಹಾಕಿದನು. ಸತ್ತವರ ಹೆಸರಿನಲ್ಲಿ ಪಿಂಚಣಿ ಎತ್ತುವ ಮೋಸವನ್ನು ತಡೆಯುವುದೇ ಆಗಿನ ಉದ್ದೇಶವಾಗಿತ್ತು. ಜಪಾನಿನ ಟೋಕಿಯೋ ನಗರದಲ್ಲಿ ವೈದ್ಯನಾಗಿದ್ದ ಹೆನ್ರಿ ಫಾಲ್ಡ್ಸ್ ಎಂಬ ಸ್ಕಾಟ್ಲೆಂಡಿನವನು, ಅಪರಾಧ ನಡೆದ ಸ್ಥಳದಲ್ಲಿ ಸಿಕ್ಕುವ ಬೆರಳ ಗುರುತುಗಳಿಂದ ಅಪರಾಧಿಯನ್ನು ಕಂಡುಹಿಡಿಯಬಹುದೆಂದು ೧೮೮೦ರಲ್ಲಿ ಇಂಗ್ಲೆಂಡಿನ ವಿಜ್ಞಾನಪತ್ರಿಕೆಯೊಂದಕ್ಕೆ ಬರೆದನು. ೧೮೯೨ರಲ್ಲಿ ಫ್ರಾನ್ಸಿಸ್ ಗಾಲ್ಟನನು ಈ ವಿಷಯವಾಗಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು.

ಅದೇ ೧೮೯೨ರಲ್ಲಿ, ದಕ್ಷಿಣ ಅಮೇರಿಕದ ಆರ್ಜೆಂಟೈನಾ ದೇಶದ ನೆಕೋಚಿಯಾ ಎಂಬ ಊರಿನಲ್ಲಿ ಘೋರವಾದ ಒಂದು ಸಂಗತಿ ನಡೆಯಿತು. ಆರು ವರ್ಷದ ಗಂಡುಮಗುವೂ ನಾಲ್ಕು ವರ್ಷದ ಹೆಣ್ಣುಮಗುವೂ ಮನೆಯಲ್ಲಿ ಕೊಲೆಯಾಗಿ ಬಿದ್ದಿದ್ದುವು. ತಾಯಿಯಾದ ಫ್ರಾನ್ಸಿಸ್ಕಾ ರೋಹಾಸಳ ಕುತ್ತಿಗೆಯ ಮೇಲೂ ಗಾಯವಿತ್ತು. ಆಕೆಯು ಪರಿಚಯದ ಒಬ್ಬನ ಹೆಸರನ್ನು ಹೇಳಿದಳು. ಪೋಲೀಸರು ಅವನನ್ನು ಹಿಡಿದು ಬಹುವಾಗಿ ಹಿಂಸಿಸಿದರು. ಆದರೂ ಅವನು ಒಪ್ಪಿಕೊಳ್ಳಲಿಲ್ಲ. ಆ ಪ್ರಾಂತದ ಪೋಲೀಸು ಇಲಾಖೆಯಲ್ಲಿ ಬೆರಳ ಗುರುತುಗಳನ್ನು ಅಭ್ಯಾಸಮಾಡುತ್ತಿದ್ದ ಹುವಾನ್ ವುಚೆಟಿಚ್ ಎಂಬಾತನಿಂದ ತರಬೇತು ಪಡೆದ ಇನ್‌ಸ್ಪೆಕ್ಟರನು ಬಂದು ಮನೆಯನ್ನು ಹುಡುಕಲು, ಬಾಗಿಲಿನ ಮೇಲೆ ರಕ್ತದ ಹೆಬ್ಬೆಟ್ಟಿನ ಗುರುತೊಂದು ಕಾಣಿಸಿತು. ಆ ಮರದ ತುಂಡನ್ನೇ ಕೊಯ್ದು ತೆಗೆದು ಹೋಲಿಸಿ ನೋಡಲಾಗಿ, ಅದು ತಾಯಿಯ ಹೆಬ್ಬೆಟ್ಟೇ ಆಗಿತ್ತು. ಆಕೆಯು ತನ್ನ ಪಾತಕವನ್ನು ಒಪ್ಪಿಕೊಂಡಳು. ಬೆರಳ ಗುರುತು ಕೊಲೆಗಾರಳನ್ನು ತೋರಿಸಿತೆಂದು ಜಗತ್ತು ಇದನ್ನು ಕೊಂಡಾಡಿತು. ಆದರೆ ಅದು ಒಬ್ಬ ನಿರಪರಾಧಿಯನ್ನು ಉಳಿಸಿತೆಂಬುದೂ ಅಷ್ಟೇ ಮುಖ್ಯವೆಂದು ನಮಗೆ ತೋರುತ್ತದೆ.

ಕಲ್ಕತ್ತೆಯ ೧೦೨೪ ಗೂಡುಗಳು

ಗುರುತುಗಳನ್ನು ತೆಗೆದುಕೊಳ್ಳುವುದು ಸುಲಭ. ಸಾವಿರಾರು ಕಾಗದಗಳಲ್ಲಿ ಬೇಕಾದುದನ್ನು ಹುಡುಕುವುದೇ ಕಷ್ಟ. ಈ ತೊಡಕನ್ನು ಬಿಡಿಸಿದವರು ಕಲ್ಕತ್ತೆಯವರು. ಬಂಗಾಳದ ಪೋಲೀಸು ಇನ್‌ಸ್ಪೆಕ್ಟರ್ ಜನರಲ್ ಆಗಿದ್ದ ಎಡ್ವರ್ಡ್ ಹೆನ್ರಿಯ ಕಚೇರಿಯಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ನೌಕರರಿದ್ದರು. ಹಕ್ಕರು ಗಣಿತದಲ್ಲಿ ನಿಪುಣರು. ಹತ್ತು ಬೆರಳುಗಳನ್ನು ಐದು ಜೊತೆಗಳನ್ನಾಗಿ ಮಾಡಿಕೊಂಡರೆ, ಪ್ರತಿಯೊಂದು ಜೊತೆಯಲ್ಲಿಯೂ ನಾಲ್ಕೇ ಬಗೆಗಳು ಸಾಧ್ಯ: ಎರಡೂ ಚಕ್ರ, ಎರಡರಲ್ಲಿಯೂ ಚಕ್ರವಿಲ್ಲ, ಮೊದಲನೆಯದರಲ್ಲಿ ಮಾತ್ರ ಚಕ್ರ, ಎರಡನೆಯದರಲ್ಲಿ ಮಾತ್ರ ಚಕ್ರ. ನಾಲ್ಕನ್ನು ಐದು ಬಾರಿ ಗುಣಿಸಿದರೆ ೧೦೨೪. ಆದುದರಿಂದ ಉದ್ದಕ್ಕೆ ೩೨, ಅಡ್ಡಕ್ಕೆ ೩೨ ಗೂಡುಗಳುಳ್ಳ ಬೀರುವಿದ್ದರೆ, ಯಾವ ಮನುಷ್ಯನ ಕಾಗದವಾದರೂ ಯಾವ ಗೂಡಿಗೆ ಸೇರತಕ್ಕದ್ದೆಂಬುದು ಕೂಡಲೇ ಗೊತ್ತಾಗುತ್ತದೆ. ಅಜ್ಜಿಯರು ಎಣಿಸುತ್ತಿದ್ದ ಚಕ್ರಗಳಿಗೆ ಹೀಗೆ ಹೊಸದೊಂದು ಉಪಯೋಗ ದೊರೆಯಿತು.

೧೮೯೭ರಲ್ಲಿ ಸರ್ಕಾರವು ಈ ಪದ್ಧತಿಯನ್ನು ಅಂಗೀಕರಿಸಿತು. ಕಲ್ಕತ್ತೆಯಲ್ಲಿ ಬೆರಳ ಗುರುತಿನ ಕಚೇರಿಯು ಸ್ಥಾಪಿತವಾಯಿತು. ಲಂಡನಿನ ಸ್ಕಾಟ್ಲೆಂಡ್ ಯಾರ್ಡಿನಲ್ಲಿ ಅಂಥ ಕಚೇರಿ ತೆರೆದುದು ೧೯೦೧ರಲ್ಲಿ. ಅಂದರೆ ಈ ವಿಷಯದಲ್ಲಿ ಲಂಡನು ಕಲ್ಕತ್ತೆಯ ಶಿಷ್ಯನಾಯಿತು. ಪದ್ಧತಿಗೆ ಮಾತ್ರ ಹೆನ್ರಿಯ ಹೆಸರೇ ಬಂದಿತು. ಹಕ್ಕರಿಗೆ ಖಾನ್ ಬಹಾದೂರ್, ಬೋಸರಿಗೆ ರಾಯ್ ಬಹಾದೂರ್ ಬಿರುದುಗಳು ಬಂದುವಾದರೂ, ಅವರ ಕೆಲಸವೆಷ್ಟೆಂಬುದು ಹೊರಗೆ ತಿಳಿಯಲು ಬಹುಕಾಲ ಹಿಡಿಯಿತು.

ನೀಲಿ ಹೊದಿಕೆಯ ಪಂಚಾಂಗ

ಆ ಕಚೇರಿಯು ಹೊಸದಾಗಿದ್ದಾಗಲೇ ಭೂತಾನದ ಗಡಿಗೆ ಸೇರಿದ ಜಲಪೈಗುರಿ ಜಿಲ್ಲೆಯಿಂದ ಕೊಲೆಯ ವರ್ತಮಾನವೊಂದು ಬಂದಿತು. ಅಲ್ಲಿಯ ಚಹಾತೋಟವೊಂದರ ಮ್ಯಾನೇಜರನು ತನ್ನ ಹಾಸಿಗೆಯ ಮೇಲೆ ಕತ್ತು ಕೊಯ್ದ ಸ್ಥಿತಿಯಲ್ಲಿ ಬಿದ್ದಿದ್ದನು. ಆತನ ಕಾಗದಪತ್ರಗಳ ಪೆಟ್ಟಿಗೆಯನ್ನು ಕೆದಕಿ, ತಿಜೋರಿಯನ್ನು ತೆಗೆದು, ಕೆಲವು ನೂರು ರೂಪಾಯಿಗಳನ್ನು ಒಯ್ಯಲಾಗಿತ್ತು.

ಸಂಶಯಕ್ಕೆ ಕೊರತೆಯಿರಲಿಲ್ಲ. ಮ್ಯಾನೇಜರನು ಆಳುಗಳನ್ನು ನಿಷ್ಕರುಣೆಯಿಂದ ದುಡಿಸುತ್ತಿದ್ದನಾದುದರಿಂದ ಕೂಲಿಗಳಲ್ಲಿ ಯಾರಾದರೂ ಸೇಡು ತೀರಿಸಿಕೊಂಡಿರಬಹುದೆಂದು ಕೆಲವರು ಹೇಳಿದರು. ಅಡಿಗೆಯವನ ಬಟ್ಟೆಯ ಮೇಲೆ ರಕ್ತದ ಕಲೆಗಳಿದ್ದುವು. ಒಬ್ಬ ಹೆಂಗಸಿನೊಡನೆ ಮ್ಯಾನೇಜರನಿಗೆ ಸಂಬಂಧವಿದ್ದಿತಾದುದರಿಂದ ಆಕೆಯ ಬಂಧುಗಳ ಮೇಲೆ ಬೆರಳು ತೋರಿಸುವವರಿದ್ದರು. ಹತ್ತಿರದಲ್ಲಿಯೇ ಬಿಡಾರ ಹೂಡಿದ್ದ ಕಾಬೂಲಿಗಳ ತಂಡವೊಂದಿತ್ತು. ಇವರೆಲ್ಲರ ಜೊತೆಗೆ, ಹಿಂದೆ ಮನೆಯಲ್ಲಿ ಕಳ್ಳತನಮಾಡಿ, ಮ್ಯಾನೇಜರನ ದೂರಿನ ಮೇಲೆಯೇ ಜೈಲಿಗೆ ಹೋಗಿದ್ದ ಹಳೆಯ ಆಳೊಬ್ಬನ ಹೆಸರೂ ಕೇಳಿಬಂದಿತು. ಅವನು ಕೆಲವು ವಾರಗಳ ಹಿಂದೆ ಬಿಡುಗಡೆಯಾಗಿದ್ದನು. ಆದರೆ ಆಮೇಲೆ ಆ ಜಿಲ್ಲೆಯಲ್ಲಿ ಅವನನ್ನು ಕಂಡವರು ಒಬ್ಬರೂ ಇರಲಿಲ್ಲ.

ವಾಚಕರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಈ ವರ್ತಮಾನವು ನಮ್ಮ ಊರಿನ ಜಗಲಿಯ ಮೇಲೆ ಚರ್ಚೆಗೆ ಬಂದಿದ್ದರೆ ಎಷ್ಟು ಹೊತ್ತಿನಲ್ಲಿ ತೀರ್ಪಾಗುತ್ತಿತ್ತು? ಬಟ್ಟೆಯ ಮೇಲೆ ರಕ್ತವಿದ್ದ ಅಡಿಗೆಯವನನ್ನು ಉಳಿಸುವವರು ಯಾರಿದ್ದರು? ತಾನು ಒಡೆಯನ ಊಟಕ್ಕೆಂದು ಪಾರಿವಾಳವನ್ನು ಕೊಂದಾಗ ಆ ಕಲೆಗಳಾದುವೆಂದು ಅವನು ಹೇಳಿದನು. ರಾಸಾಯನಿಕ ಪರೀಕ್ಷಕನು ಆ ಕಲೆಗಳನ್ನು ಪರೀಕ್ಷಿಸಿ, ಅವನ ಮಾತನ್ನು ಸಮರ್ಥಿಸಿದನು. ಹಕ್ಕಿಯ ರಕ್ತಕಣಗಳು ಉದ್ದುರುಟಾಗಿ, ನಡುವೆ ಬೀಜವುಳ್ಳವಾಗಿರುತ್ತವೆ. ಮೊಲೆಯುಣ್ಣಿಸುವ ಪ್ರಾಣಿಗಳ ಕಣಗಳಿಗೆ ಆ ಬೀಜವಿರುವುದಿಲ್ಲ. ಆ ಬಡವನ ಪ್ರಾಣವು ಇಂಥ ಸಣ್ಣ ವ್ಯತ್ಯಾಸದ ಮೇಲೆ ನಿಂತಿತ್ತು. ಕೂಲಿಗಳ ಮೇಲಾಗಲಿ, ಹೆಂಗಸಿನ ಬಂಧುಗಳ ಮೇಲಾಗಲಿ, ಕಾಬೂಲಿಗಳ ಮೇಲಾಗಲಿ ಏನೂ ಆಧಾರ ಸಿಕ್ಕಲಿಲ್ಲ.

ಕೆದಕಿದ್ದ ಪೆಟ್ಟಿಗೆಯಲ್ಲಿ ಬಂಗಾಳಿ ಪಂಚಾಂಗದ ಪುಸ್ತಕವೊಂದು ಸಿಕ್ಕಿತು. ಅದರ ತಿಳಿನೀಲಿ ಬಣ್ಣದ ಹೊದಿಕೆಯ ಮೇಲೆ ಕಂದುಬಣ್ಣದ ಎರಡು ಮಸಕು ಕಲೆಗಳಿದ್ದುವು. ಭೂತಗನ್ನಡಿಯಲ್ಲಿ ನೋಡಲು, ಒಂದರಲ್ಲಿ ಬೆರಳಿನ ಗೆರೆಗಳು ಕಂಡುವು. ಪಂಚಾಂಗವು ಕಲ್ಕತ್ತೆಗೆ ಹೋಯಿತು. ಹಿಂದೆ ಶಿಕ್ಷೆಯಾದವನಾದುದರಿಂದ ಆ ಹಳೆಯ ಆಳು ಕಂಗಾಲಿಚರಣನ ಬೆರಳ ಗುರುತುಗಳು ಅಲ್ಲಿಯ ಗೂಡಿನಲ್ಲಿದ್ದುವು. ಹೋಲಿಸಿ ನೋಡಲಾಗಿ ಅವನ ಬಲಗೈ ಹೆಬ್ಬೆಟ್ಟಿಗೆ ಅದು ಸರಿಹೋಯಿತು. ನೂರಾರು ಮೈಲಿಗಳಾಚೆಯ ಬೀರ್‌ಭೂಮ್ ಜಿಲ್ಲೆಯಲ್ಲಿ ಅವನನ್ನು ಹುಡುಕಿ ತಂದು, ಅವನ ಹೆಬ್ಬೆಟ್ಟನ್ನು ಮತ್ತೊಮ್ಮೆ ಒತ್ತಿಸಿ ನೋಡಿದರು. ಫಲವು ಅದೇ ಆಯಿತು. ಹೊದಿಕೆಯ ಕಲೆಯು ಮೊಲೆಯುಣ್ಣಿಸುವ ಪ್ರಾಣಿಯ ರಕ್ತವೆಂದು ರಾಸಾಯನಿಕ ಪರೀಕ್ಷಕನು ತಿಳಿಸಿದನು. ಅದು ಮನುಷ್ಯನದೇ ಎಂದು ಹೇಳುವ ಉಪಾಯವು ಆಗ ಇರಲಿಲ್ಲ. ಜರ್ಮನಿಯ ಉಲೆನ್‌ಹೂಟನು ಆ ಪರೀಕ್ಷೆಯನ್ನು ಕಂಡುಹಿಡಿದುದು ೧೯೦೧ರಲ್ಲಿ.

ಸರ್ಕಾರದ ಕಡೆಯವರ ವಾದವು ಸ್ಪಷ್ಟವಾಗಿತ್ತು. ಕೊಲೆಯಾದ ಮೇಲೆ ತಿಜೋರಿಯ ಬೀಗದ ಕೈಯನ್ನು ಹುಡುಕುತ್ತ, ರಕ್ತ ಹತ್ತಿದ ಕೈಯಿಂದ ಪೆಟ್ಟಿಗೆಯನ್ನು ಕೆದಕುವಾಗ ಹೆಬ್ಬೆಟ್ಟು ಪಂಚಾಂಗಕ್ಕೆ ತಾಗಿರಬೇಕು. ಕಂಗಾಲಿಚರಣನ ಮೇಲೆ ಕೊಲೆ, ಕಳ್ಳತನ ಎಂಬ ಎರಡು ಆಪಾದನೆಗಳನ್ನು ಹೊರಿಸಲಾಯಿತು. ಅಸೆಸರುಗಳೊಡನೆ ಕುಳಿತು ವಿಚಾರಣೆ ನಡೆಸಿದ ನ್ಯಾಯಾಧೀಶನು ೧೮೯೮ರಲ್ಲಿ ಕೊಟ್ಟ ತೀರ್ಪು ಇದು: ಆಪಾದಿತನು ಕಳ್ಳತನ ಮಾಡಿದುದು ನಿಜ, ಅದಕ್ಕೆ ಶಿಕ್ಷೆಯಾಗತಕ್ಕದ್ದು. ಕೊಲೆಯನ್ನು ಅವನೇ ಮಾಡಿದನೆಂಬುದನ್ನು ಕಂಡವರಿಲ್ಲ. ಆದುದರಿಂದ ಅವನನ್ನು ಕೊಲೆಗಾರನೆಂದು ನಿಶ್ಚಯಿಸುವುದು ಕ್ಷೇಮವಲ್ಲ. ಅಪೀಲಿನಲ್ಲಿಯೂ ಆ ಶಿಕ್ಷೆಯು ನಿಂತಿತು.

ಈ ತೀರ್ಪನ್ನು ಓದಿದವರ ಮನಸ್ಸಿಗೆ ಮೊದಲು ಅಸಮಾಧಾನವೇ ಆಗುವುದು ಸಹಜ. ನಮಗೂ ಆಯಿತು. ರಕ್ತ ಹತ್ತಿದ ಹೆಬ್ಬೆಟ್ಟಿನ ಗುರುತು ಸಿಕ್ಕಿದ ಮೇಲೆ ಇನ್ನೇನು ಬೇಕಾಗಿತ್ತು? ಕೊಲೆಯಾದವನ ಮನೆಯವರಿಗೆ ಯಾವ ಸಮಾಧಾನ ದೊರೆಯಿತು? ಆದರೆ ನಿಧಾನವಾಗಿ ಆಲೋಚಿಸಿದಂತೆಲ್ಲ ಆ ನ್ಯಾಯಾಧೀಶನ ಮಾತಿನ ಬೆಲೆಯು ತಿಳಿಯುತ್ತದೆ. ಪಂಚಾಂಗದ ಮೇಲಿನ ಗುರುತು ಹೇಳಿದುದು ಇಷ್ಟೇ: ರಕ್ತವು ಹರಿದ ಮೇಲೆ ಈ ಮನುಷ್ಯನ ಕೈ ಈ ಪೆಟ್ಟಿಗೆಯೊಳಗೆ ಹೋಗಿತ್ತು. ಕತ್ತಿಯನ್ನು ಹಿಡಿದವನು ಇವನೋ, ಇವನ ಜೊತೆಗೆ ಬಂದಿರಬಹುದಾದ ಮತ್ತೊಬ್ಬನೋ ಎಂಬುದನ್ನು ಅದು ಹೇಳಲಿಲ್ಲ. ಹೇಳದ ಮಾತನ್ನು ಅದರ ಬಾಯಲ್ಲಿ ಇಡಲು ನ್ಯಾಯಾಧೀಶನು ಒಪ್ಪಲಿಲ್ಲ. ಆ ಹೊಸ ವಿದ್ಯೆಯು ನ್ಯಾಯಸ್ಥಾನದ ಹೊಸ್ತಿಲನ್ನು ದಾಟಿದಾಗಲೇ ಅದಕ್ಕೆ ಅದರ ಮಿತಿಯನ್ನೂ ತೋರಿಸಿದುದು ದೊಡ್ಡ ಮಾತು. ಮರುವರ್ಷವೇ, ೧೮೯೯ರ ತಿದ್ದುಪಡಿಯಿಂದ, ಬೆರಳ ಗುರುತಿನ ವಿಷಯದಲ್ಲಿ ತಜ್ಞರ ಅಭಿಪ್ರಾಯವನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದೆಂದು ನಮ್ಮ ಕಾಯಿದೆಯಲ್ಲಿ ಸೇರಿತು.

ಲಂಡನಿನ ಹಣದ ಪೆಟ್ಟಿಗೆ

ಏಳು ವರ್ಷಗಳ ಬಳಿಕ ಲಂಡನಿನಲ್ಲಿಯೂ ಇದೇ ಪ್ರಶ್ನೆಯು ಎದ್ದಿತು. ೧೯೦೫ನೆಯ ಮಾರ್ಚಿ ೨೭ರ ಬೆಳಿಗ್ಗೆ ಡೆಟ್‌ಫರ್ಡ್ ಬೀದಿಯ ಬಣ್ಣದಂಗಡಿಯೊಂದರಲ್ಲಿ, ಅದನ್ನು ನೋಡಿಕೊಳ್ಳುತ್ತಿದ್ದ ಥಾಮಸ್ ಫ್ಯಾರೋ ಎಂಬ ಮುದುಕನು ಹೊಡೆತದಿಂದ ಸತ್ತು ಬಿದ್ದಿದ್ದನು. ಮೇಲಿನ ಅಂತಸ್ತಿನಲ್ಲಿ ಗಾಯಗೊಂಡು ಬಿದ್ದಿದ್ದ ಅವನ ಹೆಂಡತಿಯು ಕೆಲವು ದಿನಗಳಲ್ಲಿ ತೀರಿಕೊಂಡಳು. ಬರಿದಾದ ಹಣದ ಪೆಟ್ಟಿಗೆಯ ಒಳತಟ್ಟೆಯ ಮೇಲೆ ಹೆಬ್ಬೆಟ್ಟಿನ ಗುರುತಿತ್ತು.

ಅಧಿಕಾರಿಯು ಮೊದಲು ಕೇಳಿದ ಪ್ರಶ್ನೆಯು ಗಮನಾರ್ಹವಾದುದು: ಇದನ್ನು ಯಾರಾದರೂ ಮುಟ್ಟಿದ್ದೀರೋ? ಪೋಲೀಸಿನವನೇ ಒಬ್ಬನು, ಕಾಲಿಗೆ ಸಿಕ್ಕೀತೆಂದು ಪೆಟ್ಟಿಗೆಯನ್ನು ಪಕ್ಕಕ್ಕೆ ನೂಕಿದ್ದನಂತೆ. ಅವನ, ಅಂಗಡಿಯ ಹುಡುಗನ, ಸತ್ತ ದಂಪತಿಗಳ ಬೆರಳುಗಳನ್ನೆಲ್ಲ ಹೋಲಿಸಿ, ಅವರಾರದೂ ಅಲ್ಲವೆಂದು ತಿಳಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕಿದರು. ಕಚೇರಿಯಲ್ಲಿ ಕೂಡಿಟ್ಟಿದ್ದ ಗುರುತುಗಳಲ್ಲಿ ಅದು ಸಿಕ್ಕಲಿಲ್ಲ. ಬೇರೆ ಸುಳುಹುಗಳ ಮೇಲೆ ಆಲ್‌ಫ್ರೆಡ್, ಆಲ್ಬರ್ಟ್ ಸ್ಟ್ರಾಟನ್ ಎಂಬ ಅಣ್ಣತಮ್ಮಂದಿರನ್ನು ಹಿಡಿದಾಗ, ಅದು ಆಲ್‌ಫ್ರೆಡನ ಬಲಗೈ ಹೆಬ್ಬೆಟ್ಟೆಂದು ಗೊತ್ತಾಯಿತು. ಹನ್ನೊಂದು ಅಂಶಗಳಲ್ಲಿ ಎರಡೂ ಗುರುತುಗಳು ಹೊಂದಿಕೊಳ್ಳುತ್ತವೆಂದು ಇನ್‌ಸ್ಪೆಕ್ಟರ್ ಕಾಲಿನ್ಸನು ದೊಡ್ಡದಾಗಿ ಮಾಡಿದ ಚಿತ್ರಗಳನ್ನು ಜ್ಯೂರಿಯವರ ಮುಂದಿಟ್ಟು ತೋರಿಸಿದನು. ಪ್ರತಿವಾದಿಯ ಕಡೆಯ ತಜ್ಞನೊಬ್ಬನು ಅದನ್ನು ಖಂಡಿಸಲು ಬಂದನು. ಆದರೆ ಆತನು ಎರಡು ಪಕ್ಷಗಳಿಗೂ ತಾನು ಸಾಕ್ಷಿ ಹೇಳಲು ಸಿದ್ಧನೆಂದು ಪತ್ರ ಬರೆದಿದ್ದುದು ಹೊರಬಿದ್ದು, ಅವನ ಮಾತಿಗೆ ಬೆಲೆಯಿಲ್ಲದೆ ಹೋಯಿತು.

ಆದರೂ ನ್ಯಾಯಾಧೀಶನಾದ ಚಾನೆಲನು ಜ್ಯೂರಿಯವರಿಗೆ, ಆ ಗುರುತೊಂದನ್ನೇ ನೆಚ್ಚಿ ತೀರ್ಮಾನಕ್ಕೆ ಬರುವುದು ಸರಿಯಾಗದೆಂದು ಎಚ್ಚರಿಕೆ ಕೊಟ್ಟನು. ಆ ಬೆಳಿಗ್ಗೆ ಓಡುತ್ತಿದ್ದ ಆಲ್‌ಫ್ರೆಡನನ್ನು ಗುರುತಿಸಿದ ಹೆಂಗಸಿನ ಮಾತು, ಅವನು ತನ್ನ ಪಾದರಕ್ಷೆಯ ಬಣ್ಣವನ್ನು ಬದಲಿಸಿದುದನ್ನು ಕಂಡವಳ ಮಾತು, ಇವೆಲ್ಲವೂ ಗುರುತಿನ ಜೊತೆಗೆ ಸೇರಿದುವು. ಜ್ಯೂರಿಯವರು ಇಬ್ಬರನ್ನೂ ಅಪರಾಧಿಗಳೆಂದರು. ಮೇ ೨೩ರಂದು ಅವರನ್ನು ಗಲ್ಲಿಗೇರಿಸಲಾಯಿತು.

ಗೆರೆಯ ತಪ್ಪಲ್ಲ, ಓದುವವನ ತಪ್ಪು

ಇಷ್ಟನ್ನು ಓದಿ, ಬೆರಳ ಗುರುತೆಂದರೆ ಬ್ರಹ್ಮಲಿಪಿಯೆಂದು ಯಾರೂ ತಿಳಿಯಬಾರದು. ಗೆರೆಗಳು ಸುಳ್ಳಾಡುವುದಿಲ್ಲವೆಂಬುದು ನಿಜ. ಆದರೆ ಅವುಗಳನ್ನು ಓದುವವನು ಮನುಷ್ಯ. ಸ್ಥಳದಲ್ಲಿ ಸಿಕ್ಕುವ ಗುರುತು ಬಹುಮಟ್ಟಿಗೆ ಅರೆಬರೆಯಾಗಿಯೋ, ಒರಸಿದಂತೆಯೋ, ಒಂದರ ಮೇಲೊಂದು ಬಿದ್ದೋ ಇರುತ್ತದೆ. ೨೦೦೪ನೆಯ ಮಾರ್ಚಿ ೧೧ರಂದು ಸ್ಪೇನ್ ದೇಶದ ಮ್ಯಾಡ್ರಿಡ್ ನಗರದ ರೈಲುಗಳಲ್ಲಿ ಬಾಂಬುಗಳು ಸಿಡಿದು ೧೯೦ಕ್ಕೂ ಹೆಚ್ಚು ಜನರು ಸತ್ತರು. ಅಲ್ಲಿ ಸಿಕ್ಕಿದ ಚೀಲವೊಂದರ ಮೇಲಿನ ಗುರುತನ್ನು ಅಮೇರಿಕದ ತಜ್ಞರು ತಮ್ಮ ದೇಶದ ವಕೀಲನೊಬ್ಬನದೆಂದು ನಿಶ್ಚಯಿಸಿದರು. ಒಬ್ಬನು ಹೇಳಿದುದನ್ನು ಎರಡನೆಯವನೂ ಮೂರನೆಯವನೂ ಒಪ್ಪಿದರು. ಸ್ಪೇನಿನ ಪೋಲೀಸರು ತಮಗೆ ಹಾಗೆ ಕಾಣುವುದಿಲ್ಲವೆಂದು ತಿಳಿಸಿದರೂ ಅಮೇರಿಕದವರು ತಮ್ಮ ಮಾತನ್ನು ಬಿಡದೆ, ಆ ವಕೀಲನನ್ನು ಸೆರೆಯಲ್ಲಿಟ್ಟರು. ಎರಡು ವಾರಗಳ ಮೇಲೆ ಸ್ಪೇನಿನವರು ಆ ಗುರುತು ಆಲ್ಜೀರಿಯ ದೇಶದ ಮತ್ತೊಬ್ಬನದೆಂದು ತೋರಿಸಿಕೊಟ್ಟರು. ಅಮೇರಿಕದ ಸರ್ಕಾರವು ಕ್ಷಮೆ ಕೇಳಿ, ೨೦೦೬ರಲ್ಲಿ ೨೦ ಲಕ್ಷ ಡಾಲರುಗಳ ಪರಿಹಾರವನ್ನು ಕೊಡಬೇಕಾಯಿತು. ಮೊದಲನೆಯವನು ಏನು ಹೇಳಿದನೆಂದು ತಿಳಿದು ನೋಡುವ ಎರಡನೆಯವನ ಕಣ್ಣು ನಿಜವಾದ ಎರಡನೆಯ ಕಣ್ಣಲ್ಲ.

ಇದಕ್ಕೆ ಪ್ರತಿಯಾಗಿ, ವಿಜ್ಞಾನವು ತಪ್ಪೊಪ್ಪಿಗೆಯನ್ನೇ ಸುಳ್ಳುಮಾಡಿದ ಉದಾಹರಣೆಯೂ ಉಂಟು. ಇಂಗ್ಲೆಂಡಿನ ಲೆಸ್ಟರ್ ಪ್ರಾಂತದಲ್ಲಿ ೧೯೮೩ರಲ್ಲಿಯೂ ೧೯೮೬ರಲ್ಲಿಯೂ ಹದಿನೈದು ವರ್ಷದ ಇಬ್ಬರು ಹುಡುಗಿಯರು ಕೊಲೆಯಾದರು. ಹದಿನೇಳು ವರ್ಷದ ಹುಡುಗನೊಬ್ಬನು ಎರಡನೆಯ ಕೊಲೆಯನ್ನು ಒಪ್ಪಿಕೊಂಡನು. ಆದರೆ ವಿಶ್ವವಿದ್ಯಾನಿಲಯದ ಆಲೆಕ್ ಜೆಫ್ರೀಸ್ ಅವರು ಆಗತಾನೆ ಕಂಡುಹಿಡಿದಿದ್ದ ಡಿ.ಎನ್.ಎ. ಪರೀಕ್ಷೆಯಿಂದ, ಎರಡೂ ಕೊಲೆಗಳು ಒಬ್ಬನವೇ ಎಂದೂ, ಅವನು ಈ ಹುಡುಗನಲ್ಲವೆಂದೂ ಸ್ಪಷ್ಟವಾಯಿತು. ನಿಜವಾದ ಅಪರಾಧಿಗೆ ೧೯೮೮ರಲ್ಲಿ ಶಿಕ್ಷೆಯಾಯಿತು. ಆ ಪರೀಕ್ಷೆಯು ಅಪರಾಧಿಯನ್ನು ತೋರಿಸುವುದಕ್ಕೆ ಮೊದಲು ನಿರಪರಾಧಿಯನ್ನು ಬಿಡಿಸಿತು.

ಆದುದರಿಂದ ಕಂಡವರಿಲ್ಲದ ಅಪರಾಧದಲ್ಲಿ ಸಂದರ್ಭಗಳನ್ನೇ ನೆಚ್ಚಬೇಕಾದಾಗ ಅನುಸರಿಸತಕ್ಕ ಐದು ನಿಯಮಗಳನ್ನು ನಮ್ಮ ಸುಪ್ರೀಂ ಕೋರ್ಟು ೧೯೮೪ರಲ್ಲಿ ಒಂದು ಮೊಕದ್ದಮೆಯ ತೀರ್ಪಿನಲ್ಲಿ ಒಟ್ಟುಗೂಡಿಸಿ ಹೇಳಿ, ಅವುಗಳನ್ನು ಪಂಚಶೀಲವೆಂದು ಕರೆಯಿತು. ಅವುಗಳ ತಾತ್ಪರ್ಯವು ಹೀಗಿದೆ: ಒಂದೊಂದು ಸಂಗತಿಯೂ ಸಂಪೂರ್ಣವಾಗಿ ಸ್ಥಾಪಿತವಾಗಿರಬೇಕು, ಅವು ನಿರ್ಣಾಯಕವಾದ ಸ್ವರೂಪದವಾಗಿರಬೇಕು, ಆಪಾದಿತನು ಅಪರಾಧಿಯೆಂಬ ಊಹೆಗೆ ಮಾತ್ರ ಅವು ಹೊಂದಬೇಕು, ಬೇರೆ ಎಲ್ಲ ಊಹೆಗಳನ್ನೂ ಅವು ತಳ್ಳಿಹಾಕಬೇಕು, ಸರಪಳಿಯಲ್ಲಿ ಒಂದು ಕೊಂಡಿಯೂ ಕಳಚಿರಕೂಡದು. ಮಾಡಿರಬಹುದು ಎಂಬುದಕ್ಕೂ ಮಾಡಿರಲೇಬೇಕು ಎಂಬುದಕ್ಕೂ ಬಹಳ ಅಂತರವುಂಟು. ಜಲಪೈಗುರಿಯ ತೀರ್ಪಿನ ಹಿಂದೆ ಇದ್ದುದು ಇದೇ ಧರ್ಮ.

ಗೃಹಸ್ಥರು ಮಾಡತಕ್ಕದ್ದು

ಇದೆಲ್ಲ ಪೋಲೀಸರ, ವಕೀಲರ ಕೆಲಸ. ನಮಗೇನು ಎಂದು ವಾಚಕರು ಕೇಳಬಹುದು. ಅಪರಾಧವು ನಡೆದ ಸ್ಥಳಕ್ಕೆ ಮೊದಲು ಬರುವವರು ಪೋಲೀಸರಲ್ಲ, ಮನೆಯವರು, ನೆರೆಹೊರೆಯವರು. ಸರಪಳಿಯ ಮೊದಲನೆಯ ಕೊಂಡಿಯು ಅವರ ಕೈಯಲ್ಲಿದೆ. ಗಾಯಗೊಂಡವರಿದ್ದರೆ ಅವರ ಪ್ರಾಣವನ್ನು ಉಳಿಸುವುದು ಮೊದಲನೆಯ ಕರ್ತವ್ಯ. ಅದಕ್ಕಾಗಿ ಏನನ್ನು ಮುಟ್ಟಬೇಕಾದರೂ ಮುಟ್ಟತಕ್ಕದ್ದೇ. ಬಳಿಕ ೧೧೨ ಎಂಬ ಸಂಖ್ಯೆಗೆ ದೂರವಾಣಿಯಲ್ಲಿ ತಿಳಿಸಬೇಕು. ಆಮೇಲೆ ಆ ಕೋಣೆಯ ಬಾಗಿಲನ್ನು ಮುಂದೆಮಾಡಿ, ಯಾರನ್ನೂ ಒಳಗೆ ಬಿಡಬಾರದು. ನಮ್ಮಲ್ಲಿ ಆಗುವುದು ಇದಕ್ಕೆ ವಿರುದ್ಧ. ಸುದ್ದಿ ಕೇಳಿದೊಡನೆ ಬೀದಿಯೆಲ್ಲ ಒಳಗೆ ನುಗ್ಗುತ್ತದೆ; ಒಬ್ಬರು ಬಿದ್ದ ಕತ್ತಿಯನ್ನು ಎತ್ತಿ ನೋಡುತ್ತಾರೆ; ಮತ್ತೊಬ್ಬರು ಮೈಲಿಗೆಯೆಂದೋ ಮಕ್ಕಳು ಹೆದರುವರೆಂದೋ ನೆಲವನ್ನು ತೊಳೆಯುತ್ತಾರೆ. ಅವರ ಉದ್ದೇಶವು ಒಳ್ಳೆಯದೇ. ಆದರೆ ಒಂದು ಕೊಡ ನೀರು ಯಾವ ಸಾಕ್ಷಿಯನ್ನು ಕೊಚ್ಚಿಕೊಂಡು ಹೋಯಿತೆಂದು ಬಲ್ಲವರಾರು? ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯುಳ್ಳ ಅಪರಾಧಗಳಲ್ಲಿ ವಿಜ್ಞಾನ ಪರೀಕ್ಷಕರೇ ಸ್ಥಳಕ್ಕೆ ಬರಬೇಕೆಂದು ೨೦೨೩ರ ಹೊಸ ಸಂಹಿತೆಯು ವಿಧಿಸಿದೆ. ರಾಜ್ಯಗಳು ಇದನ್ನು ಐದು ವರ್ಷಗಳೊಳಗಾಗಿ ಆಚರಣೆಗೆ ತರಬೇಕಾಗಿದೆ. ಅವರು ಬರುವಷ್ಟರಲ್ಲಿ ನೋಡಲು ಏನಾದರೂ ಉಳಿದಿರಬೇಡವೆ?

ಎರಡನೆಯದು, ಮಹಜರಿಗೆ ಪಂಚರಾಗುವುದು. ಕೋರ್ಟಿನ ಮೆಟ್ಟಿಲು ಹತ್ತಬಾರದೆಂದು ಹಿರಿಯರು ಹೇಳುತ್ತಿದ್ದರು. ತಮ್ಮ ತಮ್ಮೊಳಗಿನ ವ್ಯಾಜ್ಯಗಳಿಗೆ ಅದು ಒಳ್ಳೆಯ ಬುದ್ಧಿವಾದ. ಆದರೆ ಕಂಡದ್ದನ್ನು ಕಂಡಂತೆ ಹೇಳಲು ಮರ್ಯಾದಸ್ಥರು ಹಿಂಜರಿದರೆ, ಆ ಸ್ಥಾನದಲ್ಲಿ ಕೇಳಿದವರಿಗೆ ಕೇಳಿದಂತೆ ಸಹಿ ಹಾಕುವವರು ಬಂದು ನಿಲ್ಲುತ್ತಾರೆ. ಅದರಿಂದ ನಿಜವಾದ ಅಪರಾಧಿಯು ಬಿಡುಗಡೆಯಾಗಬಹುದು. ಇಲ್ಲವೆ ನಿರಪರಾಧಿಯು ಸಿಕ್ಕಿಬೀಳಬಹುದು.

ಮೂರನೆಯದು ಎಲ್ಲಕ್ಕಿಂತ ಕಷ್ಟವಾದುದು: ನಾಲಿಗೆಯನ್ನು ಹಿಡಿಯುವುದು. ಹಿಡಿದವನೆಲ್ಲ ಆಪಾದಿತನೇ ಹೊರತು ಅಪರಾಧಿಯಲ್ಲ. ಅವನಿಗೂ ಮನೆಯಿದೆ, ಅವನ ಮಕ್ಕಳೂ ನಾಳೆ ನಮ್ಮ ಮಕ್ಕಳೊಡನೆ ಶಾಲೆಗೆ ಹೋಗತಕ್ಕವರು. ಜಲಪೈಗುರಿಯ ಅಡಿಗೆಯವನ ಬಟ್ಟೆಯ ಮೇಲಿನ ರಕ್ತವನ್ನು ಕಂಡವರೆಲ್ಲ ಏನೆಂದುಕೊಂಡಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಅದು ಪಾರಿವಾಳದ ರಕ್ತವಾಗಿತ್ತು. ಮುಂದೆ ಎಂದಾದರೂ ಯಾರ ಬಟ್ಟೆಯ ಮೇಲಾದರೂ ಕಲೆಯನ್ನು ಕಂಡು ನಮ್ಮ ಬಾಯಿಗೆ ಮಾತು ಬಂದಾಗ, ಆ ಅಡಿಗೆಯವನನ್ನು ಒಂದು ಸಾರಿ ನೆನೆದುಕೊಂಡರೆ ಸಾಕು.